ನಿಂತ ಕಾರಿನ ಕಣ್ಣು

ಹಳದಿ ವೈರು ಯಾವಾಗಲೂ ಜೀವವಿರುವ ಫ್ಯೂಸಿಗೆ, ಕೆಂಪು ವೈರು ಕೀಲಿ ತಿರುಗಿಸಿದಾಗ ಮಾತ್ರ ಜೀವ ಬರುವ ಫ್ಯೂಸಿಗೆ, ಕಪ್ಪು ವೈರು ಬಣ್ಣ ಬಳಿಯದ ಬರೀ ಕಬ್ಬಿಣಕ್ಕೆ. ಇಷ್ಟನ್ನು ನಾನು ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಮಂಚದ ಮೇಲೆ ಮಗ್ಗಿಯ ಹಾಗೆ ಹೇಳಿಕೊಂಡು ಓಡಾಡುತ್ತಿದ್ದೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಿಟಕಿಗೆ ಹೋಗಿ ಅಂಗಳದಲ್ಲಿ ನಿಂತ ಕಾರನ್ನು ನೋಡುವುದು, ವಾಪಸು ಬರುವುದು, ಮತ್ತೆ ಹೋಗುವುದು.

ಕಾರು ನಮ್ಮದಲ್ಲ, ಅಮ್ಮ ಪಾಠ ಹೇಳುವ ಡ್ರೈವಿಂಗ್ ಸ್ಕೂಲಿನದು. ತಲೆಯ ಮೇಲೊಂದು ಹಳದಿ ಹಲಗೆ, ಬೆನ್ನ ಮೇಲೆ ‘ಕಲಿಯುತ್ತಿದ್ದಾರೆ, ತಾಳ್ಮೆ ಇರಲಿ’ ಎಂಬ ಅಕ್ಷರ, ಪಕ್ಕದ ಸೀಟಿನ ಬುಡದಲ್ಲಿ ಅಮ್ಮನ ಪಾಲಿನ ಎರಡನೆಯ ಬ್ರೇಕು. ಬೆಳಕು ಹರಿಯುವ ಹೊತ್ತಿಗೇ ಮೊದಲ ವಿದ್ಯಾರ್ಥಿನಿ ಕಾಯುತ್ತಿರುತ್ತಿದ್ದಳಾದ್ದರಿಂದ ಕಾರು ರಾತ್ರಿ ನಮ್ಮಲ್ಲೇ ತಂಗುತ್ತಿತ್ತು. ಅಂಗಳಕ್ಕೆ ಎರಡು ಮನೆ. ಒಂದರಲ್ಲಿ ಅಮ್ಮ ಮತ್ತು ನಾನು, ಇನ್ನೊಂದರಲ್ಲಿ ಬ್ರೆಡ್ ವ್ಯಾನಿನವನು. ಇಬ್ಬರಿಗೂ ಸೇರಿ ಒಂದೇ ಗೇಟು.

ಈಚೆಗೆ ಕಾರಿನ ಎಡಗಡೆ ಗೀರು ಬೀಳಲು ಶುರುವಾಗಿತ್ತು. ಮೊದಲು ಬಾಗಿಲ ಹಿಡಿಯ ಕೆಳಗೆ ಉಗುರಿನಷ್ಟು. ಆಮೇಲೆ ಹಿಂದಿನ ಚಕ್ರದ ಮೇಲೆ ಅಂಗೈಯಗಲದ ತಗ್ಗು. ಸ್ಕೂಲಿನ ಯಜಮಾನರು ಕಾರಿನ ಸುತ್ತ ಒಂದು ಸುತ್ತು ಬಂದು, ಗಟ್ಟಿಯಾಗಿ ಬೈಯದೆ, ಬೈಗುಳಕ್ಕಿಂತ ಕೆಟ್ಟದಾಗಿ ನಕ್ಕರಂತೆ.

“ಮೇಡಂ, ಹಲ್ಲು ಉದುರಿದ ಹಲ್ಲಿನ ಡಾಕ್ಟ್ರ ಹತ್ರ ಯಾರಾದ್ರೂ ಹೋಗ್ತಾರಾ? ನಮ್ಮ ಕಾರಿಗೇ ಗೀರು ಬಿದ್ರೆ ಕಲಿಯೋಕೆ ಬರೋರು ಏನಂದ್ಕೋತಾರೆ. ಇನ್ನೊಂದು ಬಿತ್ತು ಅಂದ್ರೆ ಕೀಲಿ ಕೊಟ್ಬಿಟ್ಟು ಒಳಗೆ ಫೋನ್ ಹತ್ರ ಕೂತ್ಕೊಳ್ಳಿ.”

ಫೋನಿನ ಹತ್ತಿರದ ಆ ಕುರ್ಚಿಯನ್ನು ನಾನು ನೋಡಿದ್ದೇನೆ. ಅಮ್ಮ ಅದರಲ್ಲಿ ಕೂರುವುದನ್ನು ಊಹಿಸಲೂ ಆಗುತ್ತಿರಲಿಲ್ಲ. ಹೆಂಗಸರಿಗೆ ಹೆಂಗಸೇ ಕಲಿಸಲಿ ಎಂದು ಹಟ ಹಿಡಿದು ಆ ಸ್ಕೂಲಿಗೆ ಸೇರಿದವಳು ಅವಳು. ಊಟಕ್ಕೆ ಕೂತಾಗಲೂ ಅವಳ ಬಲಗಾಲು ನೆಲದ ಮೇಲೆ ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ.

“ಬ್ರೆಡ್ ವ್ಯಾನಿನವನದೇ ಕೆಲಸ,” ಎಂದಳು. “ನಿದ್ದೆಗಣ್ಣಲ್ಲಿ ರಿವರ್ಸ್ ತಗೊಳ್ತಾನೆ. ಕೇಳಿದ್ರೆ ದೇವರಾಣೆ ನಾನಲ್ಲಕ್ಕ ಅಂತಾನೆ. ದೇವರಿಗೂ ಆ ಹೊತ್ತಲ್ಲಿ ಎಚ್ಚರ ಇರಲ್ಲ ಅಂತ ಅವ್ನಿಗೆ ಗೊತ್ತು.”

ಭಾವ ಹಳೆಯ ಕಾರು ಮಾರುವಾಗ ಬಿಚ್ಚಿಟ್ಟುಕೊಂಡಿದ್ದ, ಕಾರಿನ ಮುಂದೆ ನಡೆಯುವುದನ್ನೆಲ್ಲ ಚಿತ್ರ ತೆಗೆಯುವ ಡ್ಯಾಶ್ ಕ್ಯಾಮೆರಾ ನಮ್ಮ ಪಾಲಿಗೆ ಬಂದದ್ದು ಹೀಗೆ. ಸಿಗರೇಟ್ ಲೈಟರಿನ ತೂತಿಗೆ ಚುಚ್ಚಿದರೆ ಕೀಲಿ ತೆಗೆದ ಕೂಡಲೇ ಅದು ಕಣ್ಣು ಮುಚ್ಚುತ್ತಿತ್ತು. ಕಾರು ನಿಂತಿರುವಾಗಲೂ ಎಚ್ಚರವಿರಬೇಕೆಂದರೆ ಫ್ಯೂಸ್ ಡಬ್ಬಿಯಿಂದಲೇ ವೈರು ಎಳೆಯಬೇಕು. ಅದಕ್ಕೆ ಬೇಕಾದ ಪುಟ್ಟ ಪೆಟ್ಟಿಗೆಯನ್ನೂ ಮೂರು ವೈರುಗಳನ್ನೂ ಭಾವ ಕಾಗದದಲ್ಲಿ ಸುತ್ತಿ ಕಳಿಸಿದ್ದರು.

“ಡಿಗ್ರಿ ಮಾಡಿದೀಯ, ಮೂರು ವೈರ್ ಜೋಡ್ಸೋಕೆ ಬರಲ್ವಾ?” ಎಂದಳು ಅಮ್ಮ.

“ನಾನು ಓದಿದ್ದು ಇತಿಹಾಸ ಅಮ್ಮಾ.”

“ಮತ್ತೆ? ಯಾರು ಯಾವಾಗ ದಾಳಿ ಮಾಡಿದ್ರು ಅನ್ನೋದೇ ತಾನೇ ನಮಗೂ ಬೇಕಾಗಿರೋದು.”

ನನಗೆ ಆಗ ಕೆಲಸವಿರಲಿಲ್ಲ. ಸಂದರ್ಶನಗಳಿಗೆ ಹೋಗುತ್ತಿದ್ದೆ. ಉತ್ತರ ಗೊತ್ತಿರುತ್ತಿತ್ತು, ಅದನ್ನು ಗಂಟಲಲ್ಲೇ ಇಟ್ಟುಕೊಂಡು ಮನೆಗೆ ಬರುತ್ತಿದ್ದೆ. ಫ್ಯೂಸ್ ಡಬ್ಬಿಯ ಮುಂದೆ ಯಾರೊಡನೆಯೂ ಮಾತಾಡಬೇಕಿರಲಿಲ್ಲ. ಸ್ಟೇರಿಂಗಿನ ಅಡಿಗೆ ತಲೆ ತೂರಿಸಿ, ಬೆನ್ನನ್ನು ಬಾಗಿಲ ಹೊಸ್ತಿಲಿಗೆ ಒತ್ತಿ, ಟೆಸ್ಟರ್ ದೀಪದ ಮೊನೆಯನ್ನು ಒಂದೊಂದೇ ಫ್ಯೂಸಿಗೆ ತಾಗಿಸಿದೆ. ಕೀಲಿ ತೆಗೆದಿದ್ದರೂ ದೀಪ ಹೊತ್ತಿದರೆ ಅದು ಹಳದಿಯ ಮನೆ. ಒಳಗಿನ ಲೈಟಿನ ಫ್ಯೂಸು ಸಿಕ್ಕಿತು. ಕೀಲಿ ತಿರುಗಿಸಿದಾಗ ಮಾತ್ರ ಹೊತ್ತಿದರೆ ಕೆಂಪಿನದು; ರೇಡಿಯೋದ ಫ್ಯೂಸು ಸಿಕ್ಕಿತು. ಏರ್‌ಬ್ಯಾಗಿನ ಫ್ಯೂಸನ್ನು ಮಾತ್ರ ಮುಟ್ಟಬಾರದೆಂದು ಓದಿದ್ದರಿಂದ ಅದರ ಪಕ್ಕಕ್ಕೆ ಬೆರಳು ಹೋದಾಗಲೆಲ್ಲ ಉಸಿರು ಬಿಗಿಹಿಡಿಯುತ್ತಿದ್ದೆ. ಕಪ್ಪು ವೈರನ್ನು ಒಂದು ಬೋಲ್ಟಿನಡಿ ಕಚ್ಚಿಸಿ, ಉಳಿದ ವೈರನ್ನು ಮುಂದಿನ ಗಾಜಿನ ಪಕ್ಕದ ಪ್ಲಾಸ್ಟಿಕ್ಕಿನ ಸಂದಿಗೆ ಒತ್ತುತ್ತ ಮೇಲೇರಿಸಿ, ಕನ್ನಡಿಯ ಹಿಂದೆ ಕ್ಯಾಮೆರಾ ಅಂಟಿಸಿದೆ. ಕೀಲಿ ತೆಗೆದೆ. ಅದರ ನೀಲಿ ಚುಕ್ಕೆ ಆರಲಿಲ್ಲ.

ಪೆಟ್ಟಿಗೆಯ ಮೈಮೇಲೆ ಒಂದು ಸಣ್ಣ ಸ್ವಿಚ್ಚಿತ್ತು. ಬ್ಯಾಟರಿ ಎಷ್ಟಕ್ಕೆ ಇಳಿದರೆ ಕ್ಯಾಮೆರಾ ತಾನಾಗಿ ಆರಬೇಕು ಎಂದು ಅದರಲ್ಲಿ ಹೇಳಬೇಕು. ಎಲ್ಲಕ್ಕಿಂತ ಕಡಿಮೆಗೆ ಇಟ್ಟೆ. ಬೆಳಗಿನವರೆಗೂ ಎಚ್ಚರವಿರಲಿ ಎಂಬ ದುರಾಸೆ.

ಮರುದಿನ ಅಮ್ಮ ಕೀಲಿ ತಿರುಗಿಸಿದಾಗ ‘ಟಕ್’ ಎಂದಿತು, ಅಷ್ಟೇ. ಮತ್ತೆ ತಿರುಗಿಸಿದಳು. ಆ ಟಕ್ಕೂ ಇಲ್ಲ.

“ಕಳ್ಳನ್ನ ಕಾಯೋಕೆ ನಾಯಿ ಸಾಕಿದ್ವಿ,” ಎಂದಳು, “ನಾಯಿ ಮನೆ ಅಕ್ಕಿನೆಲ್ಲ ತಿಂದು ಮಲಗ್ತು.”

ದಾರಿ ಕಾಣದೆ ನಾನೇ, ಅವತ್ತು ಇನ್ನೂ ಹೊರಡದಿದ್ದ ಬ್ರೆಡ್ ವ್ಯಾನಿನವನ ಬಾಗಿಲು ತಟ್ಟಿದೆ. ಅವನು ವ್ಯಾನನ್ನು ಕಾರಿನ ಮೂತಿಗೆ ಮೂತಿ ಕೊಟ್ಟು ನಿಲ್ಲಿಸಿ, ದಪ್ಪ ಕೇಬಲ್ಲುಗಳನ್ನು ಹಚ್ಚಿದ. ಅಮ್ಮ ಅಷ್ಟು ಹೊತ್ತೂ ಆಕಾಶ ನೋಡುತ್ತಿದ್ದಳು.

“ಇಷ್ಟು ಹತ್ರ ತಂದಿದೀನಿ ಅಕ್ಕ, ಮುಟ್ಟಿಲ್ಲ. ನೋಡ್ಕೊಂಬಿಡಿ,” ಎಂದ ಅವನು.

“ಬೆಳಕಿದೆಯಲ್ಲ, ಅದಕ್ಕೆ,” ಎಂದಳು ಅಮ್ಮ.

ಅವತ್ತು ಇಡೀ ದಿನ ನನಗೆ ಅದೇ ಗುಂಗು. ಭಾವನ ಕಾರಿನಲ್ಲಿ ಇದೇ ಕ್ಯಾಮೆರಾ ವರ್ಷಗಟ್ಟಲೆ ಇತ್ತು, ಒಮ್ಮೆಯೂ ಬ್ಯಾಟರಿ ಸತ್ತಿರಲಿಲ್ಲ. ವೈರು ಬಿಚ್ಚಿ ನೋಡಿದೆ, ಮತ್ತೆ ಜೋಡಿಸಿದೆ, ಮತ್ತೆ ಬಿಚ್ಚಿದೆ. ಸಂಜೆ ಅಮ್ಮ ಕಾಲು ನೀವಿಕೊಳ್ಳುತ್ತ ತನ್ನ ದಿನ ಹೇಳುತ್ತಿದ್ದಾಗ ನನಗೆ ತಟ್ಟನೆ ಹೊಳೆಯಿತು. ಒಬ್ಬಳು ಕ್ಲಚ್ ಬಿಟ್ಟ ಕೂಡಲೇ ಇಂಜಿನ್ ಆರಿಸುತ್ತಾಳೆ. ಇನ್ನೊಬ್ಬಳು ಏರಿನಲ್ಲಿ ಆರಿಸುತ್ತಾಳೆ, ಮತ್ತೊಬ್ಬಳು ಹಾರ್ನ್ ಕೇಳಿದರೆ ಸಾಕು. ಪ್ರತಿ ಸಲವೂ ಮತ್ತೆ ಸ್ಟಾರ್ಟು. ಉಳಿದ ಹೊತ್ತು ಮೊದಲನೆಯ ಗೇರಿನಲ್ಲಿ ಆಮೆನಡಿಗೆ. ಸ್ಟಾರ್ಟ್ ಮಾಡುವಾಗ ಬ್ಯಾಟರಿ ಕೊಟ್ಟದ್ದು, ಓಡುವಾಗ ಅದಕ್ಕೆ ಮರಳಿ ಬರಬೇಕು. ಈ ಕಾರು ಓಡುವುದೇ ಇಲ್ಲ, ಕಲಿಯುತ್ತದೆ. ಅದರ ಬ್ಯಾಟರಿ ಯಾವಾಗಲೂ ಅರೆಹೊಟ್ಟೆ. ಅದರ ತಟ್ಟೆಗೇ ನಾನು ಕೈ ಹಾಕಿದ್ದೆ.

ಸಾಲದ್ದಕ್ಕೆ, ಕ್ಯಾಮೆರಾ ಅಲುಗಾಡಿದ್ದನ್ನೆಲ್ಲ ತೆಗೆಯುವಂತೆ ಇಟ್ಟಿದ್ದೆ. ತಂತಿಯ ಮೇಲೆ ಒಣಹಾಕಿದ್ದ ನಮ್ಮ ದುಪ್ಪಟಿ ಗಾಳಿಗೆ ಹಾರಾಡಿದ್ದನ್ನು ಅದು ರಾತ್ರಿಯೆಲ್ಲ ನಿಷ್ಠೆಯಿಂದ ಸೆರೆಹಿಡಿದಿತ್ತು.

ಸ್ವಿಚ್ಚನ್ನು ಮೇಲಿನ ಅಂಕಿಗೆ ಸರಿಸಿದೆ. ಬ್ಯಾಟರಿ ಸ್ವಲ್ಪ ಇಳಿದರೂ ಕ್ಯಾಮೆರಾ ಬಾಯಿ ಮುಚ್ಚಿಕೊಳ್ಳಬೇಕು. ಆಗಾಗ ಒಂದೊಂದೇ ಚಿತ್ರ ತೆಗೆದು ರಾತ್ರಿಯನ್ನೆಲ್ಲ ಕೆಲವೇ ನಿಮಿಷಗಳಿಗೆ ಮುದುಡಿಸುವ ಕ್ರಮ ಒಂದಿತ್ತು, ಅದನ್ನು ಆರಿಸಿದೆ. ದುಪ್ಪಟಿಯನ್ನು ಹಿತ್ತಲಿಗೆ ಒಯ್ದೆ. ಆಮೇಲೆ ಅಮ್ಮನಿಗೆ ಹೇಳಿದೆ: “ಸಂಜೆ ನೇರ ಮನೆಗೆ ಬರ್ಬೇಡ. ಊರ ಹೊರಗಿನ ದೊಡ್ಡ ರಸ್ತೇಲಿ ಸುತ್ತಾಡ್ಕೊಂಡು ಬಾ. ಬ್ಯಾಟರಿ ಹೊಟ್ಟೆ ತುಂಬುತ್ತೆ.”

ಅಮ್ಮನಿಗೆ ಅದು ಹಬ್ಬವಾಯಿತು. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅವಳ ಮುಖ ಬೇರೆ ಇರುತ್ತಿತ್ತು. “ಪಕ್ಕದಲ್ಲಿ ಯಾರೂ ಚೀರ್ದೆ ಗಾಡಿ ಓಡ್ಸಿ ಎಷ್ಟು ಕಾಲ ಆಗಿತ್ತು ಗೊತ್ತಾ,” ಎನ್ನುವಳು. ಕತ್ತಲಾಗುವ ಹೊತ್ತಿಗೆ ಬರುವಳು. ಬೆಳಿಗ್ಗೆ ಕಾರು ಒಂದೇ ಏಟಿಗೆ ಎದ್ದು ಕೂರುವುದು. ನನಗೆ ಹೆಮ್ಮೆಯಾಗುತ್ತಿತ್ತು. ಆದರೂ ಕಿಟಕಿಗೆ ಹೋಗಿ ನೀಲಿ ಚುಕ್ಕೆ ಇದೆಯೇ ಎಂದು ನೋಡುವುದು ನಿಲ್ಲಲಿಲ್ಲ.

ಶನಿವಾರ ಬೆಳಿಗ್ಗೆ ಅಮ್ಮ ಅಂಗಳದಿಂದಲೇ ಕರೆದಳು. ಎಡಗಡೆ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿನವರೆಗೆ ಹೊಸ ಗೀರು, ಅದರ ಅಂಚಿಗೆ ಬಿಳಿ ಪುಡಿ.

“ಬಿಳಿ ಬಣ್ಣ. ಅವನ ವ್ಯಾನ್ ಯಾವ ಬಣ್ಣ ಹೇಳು?”

ವ್ಯಾನು ಆಗಲೇ ಹೊರಟುಹೋಗಿತ್ತು. ಅಮ್ಮ ಖಾಲಿ ಜಾಗವನ್ನೇ ಬೈದಳು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರಿಗೆ ಫೋನ್ ಹಚ್ಚಿದಳು. “ಮತ್ತೆ ಬಿದ್ದಿದೆ ಸಾರ್. ಆದ್ರೆ ಈ ಸಲ ಸಾಕ್ಷಿ ಇದೆ. ಮಗಳು ಕ್ಯಾಮೆರಾ ಹಾಕಿದಾಳೆ. ನಾಳೆ ಮಧ್ಯಾಹ್ನ ಮನೆಗೇ ಬನ್ನಿ, ತೋರಿಸ್ತೀವಿ. ಬೇಕರಿಯವರಿಗೂ ತೋರಿಸ್ತೀನಿ, ಬಿಡಲ್ಲ.” ಫೋನಿಟ್ಟು ನನ್ನ ಬೆನ್ನು ತಟ್ಟಿದಳು. “ನೋಡಿಟ್ಟಿರು. ಅವನ ಮುಖ ಚೆನ್ನಾಗಿ ಕಾಣೋ ಹಾಗಿರ್ಲಿ.”

ಅವಳು ಪಾಠಕ್ಕೆ ಹೊರಡುವ ಮೊದಲೇ ಕ್ಯಾಮೆರಾದ ಮೆಮೊರಿ ಕಾರ್ಡು ಬಿಚ್ಚಿಕೊಂಡು ಬಂದು ನೋಡಲು ಕೂತೆ. ರಾತ್ರಿ ಮುದುಡಿಕೊಂಡು ಬಂತು. ಬೆಕ್ಕು ಬಾನೆಟ್ಟಿನ ಮೇಲೆ ಕೂತಿತು, ಮಾಯವಾಯಿತು. ಗಾಜಿಗೆ ಇಬ್ಬನಿ ಕಟ್ಟಿತು. ವ್ಯಾನಿನ ದೀಪ ಹೊತ್ತಿತು. ವ್ಯಾನು ನಮ್ಮ ಕಾರಿನ ಬಲಕ್ಕೆ, ಒಬ್ಬ ಮನುಷ್ಯ ಕೈ ಬೀಸಿಕೊಂಡು ನಡೆಯುವಷ್ಟು ಜಾಗ ಬಿಟ್ಟು, ಹಿಂದಿನ ಗೇಟಿನ ಕಡೆಗೆ ಸರಿದುಹೋಯಿತು. ಬಲಕ್ಕೆ. ಎಡಗಡೆಗೆ ಯಾರೂ ಬರಲೇ ಇಲ್ಲ. ನಡುವೆ ಎಲ್ಲಾದರೂ ಕ್ಯಾಮೆರಾ ಆರಿತ್ತೇ ಎಂದು ಮತ್ತೆ ಮತ್ತೆ ನೋಡಿದೆ. ಆರಿರಲಿಲ್ಲ. ಬ್ಯಾಟರಿಯ ಹೊಟ್ಟೆ ತುಂಬಿತ್ತು.

ಹಾಗಾದರೆ ಗೀರು ಬಿದ್ದದ್ದು ಯಾವಾಗ? ಹಿಂದಿನ ಸಂಜೆಯದನ್ನು ತೆರೆದೆ. ಕ್ಯಾಮೆರಾ ಒಂದು ತುಣುಕನ್ನು ತಾನೇ ಬೀಗ ಹಾಕಿ ಎತ್ತಿಟ್ಟಿತ್ತು. ಕಾರಿಗೆ ಪೆಟ್ಟು ಬಿದ್ದಾಗ ಅದು ಹಾಗೆ ಮಾಡುತ್ತದೆ. ಮಬ್ಬು ಬೆಳಕು. ಅಮ್ಮ ಏನೋ ಗುನುಗುತ್ತಿದ್ದಾಳೆ. ನಮ್ಮ ಗೇಟು ಎದುರಿಗೆ ಬರುತ್ತದೆ. ಸುಣ್ಣ ಬಳಿದ ಎಡಗಡೆಯ ಕಂಬ ಹತ್ತಿರ, ಇನ್ನೂ ಹತ್ತಿರ ಬಂದು ಚಿತ್ರದ ಅಂಚಿನಿಂದ ಜಾರಿಹೋಗುತ್ತದೆ. ಚಿತ್ರ ನಡುಗುತ್ತದೆ. ಚರ್ ಎಂದು ಉದ್ದನೆಯ ಸದ್ದು.

“ಹಾಳಾದ ಜಲ್ಲಿಕಲ್ಲು,” ಎನ್ನುತ್ತಾಳೆ ಅಮ್ಮ. ಮತ್ತೆ ಗುನುಗುತ್ತಾಳೆ.

ಕಾರ್ಡಿನಲ್ಲಿ ಉಳಿದಿದ್ದ ಬೇರೆ ಸಂಜೆಗಳನ್ನೂ ನೋಡಿದೆ. ಒಂದರಲ್ಲೂ ಕಾರು ಗೇಟಿನ ನಡುವೆ ಬಂದಿರಲಿಲ್ಲ. ಎಡಗಡೆ ಕಂಬವೇ ಇಲ್ಲವೇನೋ ಎಂಬಂತೆ ಅಷ್ಟಷ್ಟೇ ವಾಲಿಕೊಂಡು ಬಂದಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನಿಲ್ಲಿಸಲಾಗದೆ ಪಾಠದ ಹೊತ್ತಿನದೊಂದನ್ನು ತೆರೆದೆ. ಎಡಗಡೆಯ ಓಣಿಯಿಂದ ಒಂದು ಸೈಕಲ್ಲು ಬರುತ್ತದೆ, ಮೇಲೆ ಶಾಲೆಯ ಹುಡುಗಿ. ಕಾರು ನಿಧಾನಿಸುವುದಿಲ್ಲ. ಸೈಕಲ್ಲು ದೊಡ್ಡದಾಗುತ್ತದೆ. ಕಾರು ಗಕ್ಕನೆ ನಿಲ್ಲುತ್ತದೆ, ಇಂಜಿನ್ ಆರುತ್ತದೆ. ವಿದ್ಯಾರ್ಥಿನಿಯ ನಡುಗುವ ದನಿ: “ಮೇಡಂ, ನೀವು ಬ್ರೇಕ್ ಹಾಕ್ಲಿಲ್ಲ. ನೋಡ್ಲಿಲ್ವಾ ನೀವು?”

ಸ್ವಲ್ಪ ಮೌನ. ಆಮೇಲೆ ಅಮ್ಮನ ದನಿ, ಎಂದಿನ ಹಾಗೇ: “ನೀನು ನೋಡ್ತೀಯೋ ಇಲ್ವೋ ಅಂತ ನೋಡ್ತಿದ್ದೆ. ಸ್ಟಾರ್ಟ್ ಮಾಡು.”

ಅದನ್ನು ಎಷ್ಟು ಸಲ ಹಾಕಿಕೊಂಡು ಕೇಳಿದೆನೋ. ಆ ಮೌನದಲ್ಲಿ ಅವಳಿಗೆ ಗೊತ್ತಾಯಿತೇ? ಗೊತ್ತಾಗಿಯೂ ಬಚ್ಚಿಟ್ಟಳೇ? ಇಲ್ಲ, ಕಾಣದ್ದು ಕಾಣುತ್ತಿಲ್ಲ ಎಂದು ತಿಳಿಯುವುದಾದರೂ ಹೇಗೆ? ಅಕ್ಕನಿಗೆ ಫೋನ್ ಮಾಡಲು ಹೋಗಿ ಇಟ್ಟೆ. ಅಕ್ಕಿ ತೊಳೆದು, ತೊಳೆದದ್ದು ಮರೆತು ಮತ್ತೆ ತೊಳೆದೆ. ಮಧ್ಯಾಹ್ನ ಬಾಗಿಲಲ್ಲಿ ಬ್ರೆಡ್ ವ್ಯಾನಿನವನು ನಿಂತಿದ್ದ.

“ತಂಗೀ, ನಾನಿದೀನಾ ಅದ್ರಲ್ಲಿ?”

ನಾನು ನೆಲ ನೋಡಿದೆ.

“ಇದ್ರೆ ಹೇಳ್ಬಿಡು. ಗೊತ್ತಿಲ್ದೆ ಮುಟ್ಟಿದ್ರೂ ಮುಟ್ಟಿರ್ಬಹುದು, ನಿದ್ದೆ ಮಂಪರು. ಅಮ್ಮ ಬೇಕರಿಗೆ ಹೇಳ್ತೀನಿ ಅಂದ್ರಂತೆ. ಈ ವ್ಯಾನ್ ಹೋದ್ರೆ ನಂಗೆ ಬೇರೆ ಕೈಕೆಲಸ ಬರಲ್ಲ.”

ಇಲ್ಲ ಎನ್ನುವ ಎರಡಕ್ಷರ ನಾಲಿಗೆಯ ತುದಿಯವರೆಗೂ ಬಂತು. ಅದನ್ನು ಹೇಳಿದರೆ, ಮತ್ತೆ ಯಾರು ಎಂದು ಅವನು ಕೇಳುತ್ತಾನೆ. “ಇನ್ನೂ ನೋಡಿಲ್ಲ,” ಎಂದೆ. ಅವನು ತಲೆಯಾಡಿಸಿ ಹೋದ. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ರಾತ್ರಿ ಅಮ್ಮ ಕೇಳಿದಾಗಲೂ ಅದನ್ನೇ ಹೇಳಿದೆ.

ಭಾನುವಾರ ತಿಂಡಿಯಾದ ಮೇಲೆ ಕಾರಿನೊಳಗೆ ಹೋಗಿ ಎಡಗಡೆಯ ಸೀಟಿನಲ್ಲಿ ಕೂತು, ಕಾರ್ಡನ್ನು ಮತ್ತೆ ಕ್ಯಾಮೆರಾಕ್ಕೆ ಸಿಕ್ಕಿಸಿದೆ. ಒಂದು ದಾರಿ ಕಂಡಿತ್ತು. ಬ್ಯಾಟರಿ ಇಳಿದು ಕ್ಯಾಮೆರಾ ಆರಿಹೋಗಿತ್ತು, ಏನೂ ಸಿಕ್ಕಿಲ್ಲ ಎಂದುಬಿಡುವುದು. ಒಮ್ಮೆ ಸತ್ತ ಬ್ಯಾಟರಿ ತಾನೇ, ಯಾರೂ ಅನುಮಾನಪಡುವುದಿಲ್ಲ. ಕಾರ್ಡು ಅಳಿಸಿದರಾಯಿತು. ಬ್ರೆಡ್ ವ್ಯಾನಿನವನು ಉಳಿಯುತ್ತಾನೆ, ಅಮ್ಮನೂ ಬಹುಶಃ ಉಳಿಯುತ್ತಾಳೆ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟೆ. ಕ್ಯಾಮೆರಾ ‘ಖಚಿತವೇ?’ ಎಂದು ಕೇಳಿತು. ಸೈಕಲ್ಲಿನ ಹುಡುಗಿಯ ಎರಡು ಜಡೆಗಳು ನೆನಪಾದವು.

ಆಗ ಬಲಗಡೆಯ ಬಾಗಿಲು ತೆರೆದು ಅಮ್ಮ ಸ್ಟೇರಿಂಗಿನ ಹಿಂದೆ ಕೂತಳು. ಒಳ್ಳೆಯ ಬಟ್ಟೆ ಉಟ್ಟಿದ್ದಳು. “ಸಿಕ್ಕಿದ್ನಾ? ಎಲ್ಲಿ, ತೋರ್ಸು.”

ಗೇಟಿನ ತುಣುಕನ್ನು ಹಾಕಿದೆ.

ಅಮ್ಮ ಮೊದಲ ಸಲ ನೋಡಿ, “ಇದು ಬೇರೆ ದಿನದ್ದು,” ಎಂದಳು. ಎರಡನೆಯ ಸಲ ಸುಮ್ಮನೆ ನೋಡಿದಳು. ಮೂರನೆಯ ಸಲ, ಪರೀಕ್ಷೆಗೆ ಕೂತ ಹುಡುಗಿಯರ ತಪ್ಪು ಹೇಳುವ ದನಿಯಲ್ಲಿ, “ಎಡಗಡೆ ಕನ್ನಡಿ ನೋಡ್ಲಿಲ್ಲ,” ಎಂದಳು. ಆಮೇಲೆ ಬಹಳ ಹೊತ್ತು ಸ್ಟೇರಿಂಗಿನ ಮೇಲಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದಳು. ಧೂಳು ಇರಲಿಲ್ಲ.

“ಬ್ಯಾಟರಿ ಇರ್ಲಿಲ್ಲ, ಏನೂ ಬಂದಿಲ್ಲ ಅಂತ ಹೇಳೋಕಾಗಲ್ವಾ?” ಅವಳು ನನ್ನನ್ನು ಏನಾದರೂ ಬೇಡಿದ್ದು ಅದೇ ಮೊದಲು.

ಆಗುತ್ತೆ ಅಮ್ಮಾ ಎನ್ನಬೇಕೆನಿಸಿತು. ಅನ್ನಲಾಗಲಿಲ್ಲ. ಸೈಕಲ್ಲಿನ ತುಣುಕನ್ನು ಹಾಕಿದೆ. ಅದನ್ನು ಅವಳು ಒಂದೇ ಸಲ ನೋಡಿದಳು. ತನ್ನದೇ ದನಿ ‘ಸ್ಟಾರ್ಟ್ ಮಾಡು’ ಎಂದಾಗ ಕಣ್ಣು ಮುಚ್ಚಿದಳು.

“ಅವತ್ತು ನಂಗೆ ಸೈಕಲ್ ಕಾಣ್ಲೇ ಇಲ್ಲ ಕಣೇ,” ಎಂದಳು. “ಆ ಮಗು ಎಲ್ಲಿಂದ ಉದುರಿತೋ ಅಂದ್ಕೊಂಡೆ.”

ನಂತರ ನೆಟ್ಟಗೆ ಕೂತು, ಎದುರಿನ ಗೋಡೆಯ ಮೇಲೆ ಕಣ್ಣು ನೆಟ್ಟು, ಎರಡೂ ಕೈಗಳನ್ನು ಸ್ಟೇರಿಂಗಿನ ಮೇಲಿಟ್ಟಳು.

“ಹಿಂದಿನ ಸೀಟಿಗೆ ಹೋಗು. ನನ್ನ ಕಿವಿ ಹಿಂದಿನಿಂದ ನಿಧಾನವಾಗಿ ಬೆರಳು ಮುಂದಕ್ಕೆ ತಾ. ಕಂಡ ತಕ್ಷಣ ಹೇಳ್ತೀನಿ.”

ಬಲಗಡೆ ಮೊದಲು. ಬೆರಳು ಕಿವಿ ದಾಟುತ್ತಿದ್ದಂತೆಯೇ “ಹಾಂ” ಎಂದಳು.

ಎಡಗಡೆ. ಬೆರಳು ಕಿವಿ ದಾಟಿತು.

“ಬರ್ಲಿ,” ಎಂದಳು ಅಮ್ಮ.

ಕೆನ್ನೆಯ ಮೂಳೆಯ ನೇರಕ್ಕೆ ಬಂತು.

“ಬರ್ಲಿ, ಬರ್ಲಿ.”

ಹಿಂದಕ್ಕೆ ತೆಗೆಯುವ ಗಾಡಿಗೆ ದಾರಿ ತೋರಿಸುವವರ ಹಾಗೆ, ತಾಳ್ಮೆಯಿಂದ, ಹೇಳುತ್ತಲೇ ಇದ್ದಳು. ನನ್ನ ತೋಳು ಅವಳ ಭುಜದ ಮೇಲಿಂದ ಪೂರ್ತಿ ಮುಂದಕ್ಕೆ ಚಾಚಿತ್ತು. ಬೆರಳು ಹೆಚ್ಚುಕಡಿಮೆ ಅವಳ ಮೂಗಿನ ನೇರಕ್ಕೆ ಬಂದಿತ್ತು. “ಇನ್ನೂ ಬರ್ಲಿ... ಹಾಂ.”

ಕನ್ನಡಿಯಲ್ಲಿ ಅವಳು ಬೆರಳು ಇರುವ ಜಾಗ ನೋಡಿದಳು. ನಾನು ಕೈ ಇಳಿಸಲಿಲ್ಲ. ಅವಳೇ ಹಿಡಿದು ಇಳಿಸಿದಳು. ಫೋನ್ ತೆಗೆದಳು.

“ಸಾರ್, ಬರುವಾಗ ಜೊತೆಗೊಬ್ರು ಡ್ರೈವರ್ ಕರ್ಕೊಂಡು ಬನ್ನಿ. ಕಾರು ತಗೊಂಡು ಹೋಗೋಕೆ... ಇಲ್ಲ, ನಾನು ತರಲ್ಲ... ಇಲ್ಲ ಇಲ್ಲ, ಗಾಡಿಗೆ ಏನೂ ಆಗಿಲ್ಲ. ಬ್ಯಾಟರಿನೂ ಚೆನ್ನಾಗಿದೆ. ನೀವು ಬನ್ನಿ, ವಿಡಿಯೋ ತೋರಿಸ್ತೀನಿ. ಹೂಂ, ನಾನೇ ತೋರಿಸ್ತೀನಿ.”

ಫೋನಿಟ್ಟು, “ಕಣ್ಣಿನ ಡಾಕ್ಟ್ರು ಭಾನುವಾರ ಇರಲ್ಲ ಅಲ್ವಾ?” ಎಂದಳು. ನಾಳೆ ಹೋಗೋಣ ಎಂದೆ. “ನಾಳೆ ಬೆಳಗಿನ ಹುಡುಗಿಗೆ ಟೆಸ್ಟ್ ಹತ್ರ ಇದೆ. ಅರ್ಧ ಕ್ಲಚ್ ಇನ್ನೂ ಬಂದಿಲ್ಲ ಅವಳಿಗೆ,” ಎಂದಳು, ಯಾರಿಗೋ ಎಂಬಂತೆ. ಕೆಳಗೆ ಅವಳ ಬಲಗಾಲು ನಿಜವಾದ ಬ್ರೇಕಿನ ಮೇಲಿತ್ತು. ಅದನ್ನು ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.

ಇಳಿದು ಬ್ರೆಡ್ ವ್ಯಾನಿನವನ ಬಾಗಿಲ ಕಡೆಗೆ ನಡೆದಳು. ಅವನ ಮೆಟ್ಟಿಲ ಬಳಿ ಎಡಕ್ಕೆ ಖಾಲಿ ಬ್ರೆಡ್ ಟ್ರೇಗಳ ಗೋಪುರವಿತ್ತು. ನಾನು ಓಡಿಹೋಗಿ ಅವಳಿಗೂ ಟ್ರೇಗಳಿಗೂ ನಡುವೆ ಸೇರಿಕೊಂಡೆ.

“ಕಾಲಿಗೆ ಸಿಕ್ಕೋಬೇಡ,” ಎಂದಳು ಅಮ್ಮ. “ಇಷ್ಟು ಹತ್ರದ್ದು ಕಾಣುತ್ತೆ ನಂಗೆ.”

ನಾನು ಸರಿಯಲಿಲ್ಲ. ಅವಳು ಕದ ತಟ್ಟಿದಳು.